ವಿಡಿಯೋದಲ್ಲಿ ಸದ್ದು ಬರುತ್ತದೆ, ಚಿತ್ರ ಇಲ್ಲ: ಮುಂಬೈ ಕಡೆಯ ದೊಡ್ಡಮ್ಮನಿಗೆ ಮನೆಯ ನೇಮ ತೋರಿಸುವುದು ಹೇಗೆ?

ಪ್ರಶ್ನೆ (ಕಾಪುವಿನಿಂದ):

ಕಳೆದ ವಾರ ನಮ್ಮ ಕುಟುಂಬದ ಮನೆಯಲ್ಲಿ ನೇಮ, ಅಂದರೆ ದೈವದ ಕೋಲ, ಆಯ್ತು. ಡೊಂಬಿವಲಿಯಲ್ಲಿರುವ ದೊಡ್ಡಮ್ಮನಿಗೆ 76 ವರ್ಷ, ಮಂಡಿ ನೋವು ಜಾಸ್ತಿ, ಈ ಸಲ ಬರಲು ಆಗಲಿಲ್ಲ. ಅವರು ಹುಟ್ಟಿ ಬೆಳೆದ ಮನೆ ಅದು. ಹಿರಿಯರ ಹತ್ತಿರ ಕೇಳಿ, ಮನೆಯವರಿಗೆ ಮಾತ್ರ, ಹೊರಗೆ ಎಲ್ಲೂ ಹೋಗಬಾರದು ಎಂಬ ಮಾತಿನ ಮೇಲೆ, ದೈವ ನುಡಿ ಕೊಡುವ ಹೊತ್ತಿನ 12 ನಿಮಿಷ ಐಫೋನ್‌ನಲ್ಲಿ ತೆಗೆದಿದ್ದೇನೆ.

ಮೊದಲು ಎಲ್ಲರೂ ಕಳಿಸುವ ಹಾಗೆ ವಾಟ್ಸಾಪ್ ಚಾಟ್‌ನಲ್ಲೇ ಒಂದು ತುಂಡು ಕಳಿಸಿದೆ. ರಾತ್ರಿಯ ವಿಡಿಯೋ ಅಲ್ವಾ, ದೀವಟಿಗೆಯ ಬೆಳಕು ಬಿಟ್ಟರೆ ಉಳಿದದ್ದೆಲ್ಲ ಚೌಕ ಚೌಕವಾಗಿ ಮಸುಕು. ಆಮೇಲೆ ಒಂದು ನಿಮಿಷದ್ದನ್ನು ಡಾಕ್ಯುಮೆಂಟ್ ಆಗಿ ಕಳಿಸಿದೆ. ದೊಡ್ಡಮ್ಮ ಫೋನ್ ಮಾಡಿ, "ಗಗ್ಗರದ ಸದ್ದು ಚಂದ ಕೇಳ್ತದೆ ಮಗಾ, ಆದ್ರೆ ಎಂತದೂ ಕಾಣುದಿಲ್ಲ, ಪೂರಾ ಕತ್ತಲೆ" ಅಂದರು. (ಗಗ್ಗರ ಅಂದರೆ ದೈವದ ಕಾಲಿಗೆ ಕಟ್ಟುವ ಗೆಜ್ಜೆ.) ಲಿಂಕ್ ಕಳಿಸಿದರೆ ಪಾಸ್‌ವರ್ಡ್ ಕೇಳುತ್ತದೆ. ಅದು ಗೊತ್ತಿರುವುದು ಮೊಮ್ಮಗನಿಗೆ, ಅವನು ಈಗ ಪುಣೆಯಲ್ಲಿ. ಅವರನ್ನು ಇನ್ನು ಫೋನ್ ಒತ್ತಿಸಿ ಒತ್ತಿಸಿ ಸುಸ್ತು ಮಾಡಲು ನನಗೆ ಮನಸ್ಸಿಲ್ಲ. ಎಂತ ಮಾಡಬಹುದು?

ಉತ್ತರ (ಮಣಿಪಾಲದಿಂದ):

ಯೂಟ್ಯೂಬ್‌ಗೆ ಹಾಕಿ 'ಅನ್‌ಲಿಸ್ಟೆಡ್' ಮಾಡಿ. ಹುಡುಕಿದರೆ ಸಿಗುವುದಿಲ್ಲ, ಲಿಂಕ್ ಒತ್ತಿದರೆ ಸಾಕು.

ಉತ್ತರ (ಸುರತ್ಕಲ್‌ನಿಂದ):

ದಯವಿಟ್ಟು ಅದು ಬೇಡ. ಅನ್‌ಲಿಸ್ಟೆಡ್ ಅಂದರೆ ಲಿಂಕ್ ಇದ್ದವರೆಲ್ಲ ನೋಡಬಹುದು ಎಂದೇ ಅರ್ಥ. ದೊಡ್ಡಮ್ಮ ಖುಷಿಯಲ್ಲಿ ಪಕ್ಕದ ಮನೆಯವರಿಗೆ ಕಳಿಸಿದರೆ ಅಲ್ಲಿಗೆ ಮುಗಿಯಿತು. 'ಪ್ರೈವೇಟ್' ಮಾಡಿದರೆ ಮತ್ತೆ ಲಾಗಿನ್ ಬೇಕು, ನಿಮ್ಮ ತೊಂದರೆ ಇದ್ದಲ್ಲೇ ಇರುತ್ತದೆ. ಹಿರಿಯರಿಗೆ ಕೊಟ್ಟ ಮಾತು ಉಳಿಯಬೇಕು.

ಈಗ ಕತ್ತಲೆಯ ವಿಷಯ. ಫೈಲ್ ಹಾಳಾಗಿಲ್ಲ. ಐಫೋನ್ ಸಾಮಾನ್ಯವಾಗಿ ಚಿತ್ರವನ್ನು ಎಚ್‌ಇವಿಸಿ ಎಂಬ ಬಗೆಯಲ್ಲಿ ಉಳಿಸುತ್ತದೆ. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕೆಲವಕ್ಕೆ ಅದನ್ನು ತೆರೆದು ತೋರಿಸಲು ಬರುವುದಿಲ್ಲ. ಸದ್ದು ಬೇರೆ ಬಗೆಯಲ್ಲಿರುತ್ತದೆ, ಅದು ಎಲ್ಲಾ ಕಡೆ ಓಡುತ್ತದೆ. ಹಾಗಾಗಿ ಗಗ್ಗರ ಕೇಳಿತು, ದೈವ ಕಾಣಲಿಲ್ಲ.

ಎರಡು ವಿಷಯ ಹೇಳಿ. 4ಕೆ 60 ಫ್ರೇಮ್‌ನಲ್ಲಿ ತೆಗೆದಿರಾ? ದೊಡ್ಡಮ್ಮನ ಟಿವಿಗೆ ಯುಎಸ್‌ಬಿ ಉಂಟಾ?

ಕೇಳಿದವರು:

ಹೌದು, 4ಕೆ 60. ಫೈಲ್ 4.8 ಜಿಬಿ ಉಂಟು. ಟಿವಿಯ ಹಿಂದೆ ಯುಎಸ್‌ಬಿ ಇದೆಯಂತೆ, ಕೆಳಗಿನ ಮನೆಯ ಹುಡುಗಿ ನೋಡಿ ಹೇಳಿದಳು.

ಉತ್ತರ (ಸುರತ್ಕಲ್‌ನಿಂದ):

ಸರಿಯಾಗಿದೆ. ಆ ಸೆಟ್ಟಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 400 ಎಂಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ 2 ಜಿಬಿವರೆಗೆ ಮಾತ್ರ ಹೋಗುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೂ ಹತ್ತುವುದಿಲ್ಲ, 32 ಜಿಬಿ ಪೂರಾ ಖಾಲಿ ಇದ್ದರೂ.

ಫೈಲನ್ನು ಕಂಪ್ಯೂಟರ್‌ಗೆ ಕೇಬಲ್‌ನಲ್ಲಿ ಹಾಕಿಕೊಳ್ಳಿ, ಮೂಲದ್ದನ್ನು ಅಳಿಸಬೇಡಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ 'ಫಾಸ್ಟ್ 1080ಪಿ30' ಎಂಬುದನ್ನು ಆರಿಸಿ 'ಸ್ಟಾರ್ಟ್' ಕೊಡಿ, ಬೇರೆ ಯಾವುದನ್ನೂ ಮುಟ್ಟುವುದು ಬೇಡ. ಬರುವುದು ಎಚ್.264 ಬಗೆಯ ಎಂಪಿ4. ಅದು ಹಳೆಯ ಫೋನ್‌ನಲ್ಲೂ ಟಿವಿಯಲ್ಲೂ ಓಡುತ್ತದೆ.

ಇನ್ನು ಕಳಿಸುವುದು. ನನ್ನನ್ನು ಕೇಳಿದರೆ ಪೆನ್‌ಡ್ರೈವೇ ಒಳ್ಳೆಯದು. ಮತ್ಸ್ಯಗಂಧ ರೈಲಿನಲ್ಲಿ ನಮ್ಮ ಕಡೆಯವರು ದಿನಾ ಮುಂಬೈಗೆ ಹೋಗುತ್ತಾರೆ, ನಂಬಿಕೆಯವರ ಕೈಯಲ್ಲಿ ಕೊಡಿ. ಲಾಗಿನ್ ಇಲ್ಲ, ಫಾರ್ವರ್ಡ್ ಬಟನ್ ಇಲ್ಲ, ಮತ್ತೆ 76 ವರ್ಷದ ಕಣ್ಣಿಗೆ ಅಂಗೈಯಗಲದ ಪರದೆಗಿಂತ ಟಿವಿ ಎಷ್ಟೋ ಮೇಲು. ಪೆನ್‌ಡ್ರೈವ್‌ನಲ್ಲಿ ಆ ಒಂದೇ ಫೈಲ್ ಇರಲಿ, ಹೆಸರು ಕನ್ನಡದಲ್ಲಿ ಬೇಡ, ಕೆಲವು ಟಿವಿಗಳು ಕನ್ನಡ ಅಕ್ಷರದ ಬದಲು ಬರೇ ಡಬ್ಬಿ ತೋರಿಸುತ್ತವೆ.

ಮುಂದಿನ ಸಲಕ್ಕೆ ಐಫೋನ್‌ನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿಡಿ. ಫೋಟೋ ಕೂಡ ಜೆಪೆಗ್ ಆಗುತ್ತದೆ. ಇನ್ನೊಂದು, ಇದನ್ನು ತುಂಬಾ ಜನ ಗಮನಿಸುವುದಿಲ್ಲ: ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಜೊತೆಗೆ ಹೋಗುತ್ತದೆ. ಐಫೋನ್‌ನಲ್ಲಿ ಶೇರ್ ಒತ್ತಿದಾಗ ಮೇಲೆ 'ಆಪ್ಷನ್ಸ್' ಕಾಣುತ್ತದೆ, ಅಲ್ಲಿ ಲೊಕೇಶನ್ ತೆಗೆದು ಕಳಿಸಿ.

ಫೋಟೋ ಜಾಸ್ತಿ ಇದ್ದರೆ ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಮಾಡಿ, ಲಿಂಕ್ ಶೇರಿಂಗ್ ಆಫ್ ಇಟ್ಟು, ದೊಡ್ಡಮ್ಮನ ಖಾತೆಯನ್ನೇ ಸೇರಿಸಬಹುದು. ಆದರೆ ಮೊಮ್ಮಗ ಬಂದು ಒಮ್ಮೆ ಫೋನ್ ಸರಿ ಮಾಡಿಕೊಟ್ಟ ಮೇಲೆ. ಈಗ ಅವಸರ ಬೇಡ.

ಕೇಳಿದವರು (ಎಂಟು ದಿನ ಬಿಟ್ಟು):

ಆಯ್ತು ಮಾರಾಯ್ರೆ! 4.8 ಜಿಬಿ ಇದ್ದದ್ದು 900 ಎಂಬಿ ಚಿಲ್ಲರೆಗೆ ಬಂತು. ಟಿವಿಯಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲವಂತೆ. ನಮ್ಮ ಪಕ್ಕದ ಮನೆಯ ಅಕ್ಕ ಉಡುಪಿಯಿಂದ ಮತ್ಸ್ಯಗಂಧ ಹತ್ತುವವರಿದ್ದರು, ಪೆನ್‌ಡ್ರೈವನ್ನು ಕುಂಕುಮ ಪ್ರಸಾದದ ಪೊಟ್ಟಣದ ಜೊತೆ ಕಟ್ಟಿ ಕೊಟ್ಟೆ. ಚುಚ್ಚಿ ಕೊಟ್ಟದ್ದು ಕೆಳಗಿನ ಮನೆಯ ಹುಡುಗಿ.

ದೊಡ್ಡಮ್ಮ ನೋಡುವಾಗ ನಾನು ಫೋನ್‌ನಲ್ಲಿದ್ದೆ. ನುಡಿ ಶುರು ಆಗುವಾಗ ಟಿವಿ ಎದುರು ಎದ್ದು ನಿಂತರಂತೆ, ಆ ಮಂಡಿ ನೋವಿನಲ್ಲೂ. ಮುಗಿದ ಮೇಲೆ ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಚಾವಡಿಯ ಬಲಬದಿಯ ಕಂಬ ಹಾಗೇ ಉಂಟಲ್ಲ, ಅಮ್ಮ ಅಲ್ಲೇ ಒರಗಿ ಕೂತುಕೊಳ್ಳುದು" ಅಂದರು. ನಾನು ಆ ಕಂಬವನ್ನು ತೆಗೆಯಬೇಕು ಅಂತ ತೆಗೆದದ್ದೇ ಅಲ್ಲ, ಮೂಲೆಯಲ್ಲಿ ಬಂದದ್ದು. ವಾಟ್ಸಾಪ್‌ನ ಮಸುಕಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ಈಗ ಚಾವಡಿ, ಬಾವಿಕಟ್ಟೆ, ಹಿಂದಿನ ಹಟ್ಟಿ ಎಲ್ಲ ನಿಧಾನಕ್ಕೆ ತೋರಿಸಿ ಇನ್ನೊಂದು ವಿಡಿಯೋ ಬೇಕಂತೆ. ಆದಿತ್ಯವಾರ ಹೋಗಿ ತೆಗೆಯುತ್ತೇನೆ, 1080 ರಲ್ಲಿ, ಹಗಲಿಗೆ.