‘ಅಕ್ರಮ ವಲಸಿಗ’: ಅಕ್ರಮ ಯಾವುದು, ಆಳೋ ವಲಸೆಯೋ?

ಪ್ರಶ್ನೆ:
ಬಲ್ಲವರಲ್ಲಿ ಒಂದು ಕೇಳಿಕೆ. ಬೆಂಗಳೂರಿನ ಹೊರವಲಯದ ಶೆಡ್ಡುಗಳಲ್ಲಿ ಇರುವ ಕೆಲಸಗಾರರಿಗಾಗಿ ಕಾನೂನು ತಿಳಿವಳಿಕೆಯ ಕೈಪಿಡಿಯೊಂದು ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿದೆ. ಮೂಲದಲ್ಲಿ ‘ಇಲ್ಲೀಗಲ್’ (ಕಾನೂನುಬಾಹಿರ), ‘ಅನ್‌ಡಾಕ್ಯುಮೆಂಟೆಡ್’ (ದಾಖಲೆಯಿಲ್ಲದ), ‘ಇರೆಗ್ಯುಲರ್’ (ಕ್ರಮ ತಪ್ಪಿದ) ಎಂದು ಮೂರು ಬಗೆಯ ‘ಮೈಗ್ರಂಟ್’ಗಳಿದ್ದಾರೆ. ಮೂವರಿಗೂ ‘ಅಕ್ರಮ ವಲಸಿಗ’ ಸಾಕೇ? ‘ನುಸುಳುಕೋರ’ ಬಳಸಬಹುದೇ?

ಉತ್ತರ 1:
ಸಾಲದು ಮೇಡಂ. ಮೊದಲು ‘ನುಸುಳುಕೋರ’ನನ್ನು ಬದಿಗಿಡಿ. ನುಸುಳುವುದೆಂದರೆ ಬೇಲಿಯ ಕಿಂಡಿಯಲ್ಲೋ ಸಂದಿಯಲ್ಲೋ ಕಣ್ತಪ್ಪಿಸಿ ಒಳಬರುವುದು. ವೀಸಾ ಹಿಡಿದು ದೇವನಹಳ್ಳಿಯಲ್ಲಿ ವಿಮಾನ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು, ಅವಧಿ ಮುಗಿದ ಮೇಲೂ ಇಲ್ಲೇ ಉಳಿದ ವಿದ್ಯಾರ್ಥಿ ಎಲ್ಲಿಯೂ ನುಸುಳಿಲ್ಲ. ಆದರೂ 1955ರ ಪೌರತ್ವ ಕಾಯ್ದೆಗೆ 2003ರ ತಿದ್ದುಪಡಿ ತಂದ ವ್ಯಾಖ್ಯೆಯಂತೆ ಅವನೂ ‘ಇಲ್ಲೀಗಲ್ ಮೈಗ್ರಂಟ್’. ಆ ವ್ಯಾಖ್ಯೆಯಲ್ಲಿ ಎರಡು ಗುಂಪಿದೆ: ಸರಿಯಾದ ಪ್ರಯಾಣಪತ್ರವಿಲ್ಲದೆ ಬಂದವರು, ಪತ್ರದೊಂದಿಗೆ ಬಂದು ಅವಧಿ ಮೀರಿ ಉಳಿದವರು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ ಶಿಕ್ಷೆಯನ್ನೂ ಬೇರೆ ಮಾಡಿದೆ. ಮೊದಲಿನವರಿಗೆ 5 ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಎರಡನೆಯವರಿಗೆ 3 ವರ್ಷ ಅಥವಾ 3 ಲಕ್ಷ. ಎರಡನ್ನೂ ಒಟ್ಟಿಗೆ ವಿಧಿಸಲೂಬಹುದು. ಕೈಪಿಡಿ ಓದುವವನಿಗೆ ತಾನು ಯಾವ ಗುಂಪು ಎಂಬುದೇ ಮುಖ್ಯ. ‘ನುಸುಳುಕೋರ’ ಎಂದು ಬರೆದರೆ ಎರಡನೆಯ ಗುಂಪೇ ಕಾಣೆಯಾಗುತ್ತದೆ.

ಆ ಪದದ ಬಾಲವನ್ನೂ ನೋಡಿ. ಪಾರಸಿಯ ‘ಖೋರ್’ ಎಂದರೆ ತಿನ್ನುವವ. ಲಂಚಕೋರ, ಚಾಡಿಕೋರ, ದಂಗೆಕೋರ, ಜೂಜುಕೋರ: ಕನ್ನಡದಲ್ಲಿ ಈ ಬಾಲ ಅಂಟಿದವರಲ್ಲಿ ಒಳ್ಳೆಯವರು ಸಿಗುವುದು ಕಷ್ಟ. (ಶುಭ ಕೋರುವ ‘ಕೋರು’ ಬೇರೆ.) ‘ಇಗ’ ಹಾಗಲ್ಲ, ಕನ್ನಡಿಗ, ಒಕ್ಕಲಿಗ, ವಲಸಿಗ, ಯಾರ ಮೇಲೂ ಆರೋಪವಿಲ್ಲ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನದಲ್ಲಿ 104 ಭಾರತೀಯರು ಅಮೃತಸರಕ್ಕೆ ವಾಪಸಾದರು. ಕಾಡು, ನದಿ ದಾಟಿ ಗಡಿ ನುಸುಳಿದವರು ಅವರಲ್ಲಿದ್ದರು, ಆದರೆ ಅವರನ್ನು ನುಸುಳುಕೋರರೆಂದು ಕರೆಯಲು ನಮಗೆ ಮನಸ್ಸು ಬರಲಿಲ್ಲ.

ಈಗ ‘ಅಕ್ರಮ’. ಬಿಡಿಸಿದರೆ ಕ್ರಮವಿಲ್ಲದ್ದು, ಅಂದರೆ ‘ಇರೆಗ್ಯುಲರ್’ಗೇ ಹತ್ತಿರ. ಬಳಕೆಯಲ್ಲಿ ಅದು ‘ಇಲ್ಲೀಗಲ್’ ಕಡೆಗೆ ಜಾರಿದೆ. ಆದರೂ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಸುತ್ತ ಬಿಡಬೇಕಾದ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡದೆ ಮನೆ ಕಟ್ಟಿದ ಬೆಂಗಳೂರಿಗರನ್ನು ಕೇಳಿ, ‘ಅಕ್ರಮ’ದ ಜೋಡಿ ಪದ ‘ಸಕ್ರಮ’ ಎನ್ನುತ್ತಾರೆ. ವಸತಿ ಕಟ್ಟಡದಲ್ಲಿ 50%ವರೆಗಿನ, ಉಳಿದವುಗಳಲ್ಲಿ 25%ವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಯೋಜನೆಗೆ ಹೆಸರೇ ‘ಅಕ್ರಮ-ಸಕ್ರಮ’. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬಗರ್ ಹುಕುಂ ಸಾಗುವಳಿಯದೂ ಇದೇ ಭಾಷೆ. ಅಲ್ಲೆಲ್ಲ ಅಕ್ರಮ ಎನಿಸಿಕೊಳ್ಳುವುದು ಕಟ್ಟಡ, ಸಾಗುವಳಿ. ‘ಅಕ್ರಮ ಮಾಲೀಕ’, ‘ಅಕ್ರಮ ರೈತ’ ಎಂದು ಯಾರೂ ಬರೆಯುವುದಿಲ್ಲ. ವಲಸಿಗನ ವಿಷಯಕ್ಕೆ ಬಂದಾಗ ಮಾತ್ರ ಪದ ಆಳಿನ ಮೇಲೆ ಕೂರುತ್ತದೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2013ರಲ್ಲಿ ತನ್ನ ಶೈಲಿಕೈಪಿಡಿಯಿಂದ ‘ಇಲ್ಲೀಗಲ್ ಇಮಿಗ್ರಂಟ್’ ತೆಗೆದಾಗ ಕೊಟ್ಟ ಕಾರಣವೂ ಇದೇ: ‘ಇಲ್ಲೀಗಲ್’ ಕೃತ್ಯಕ್ಕೆ ಇರಲಿ, ಮನುಷ್ಯನಿಗೆ ಬೇಡ.

ಅದೇ ಸಂಸ್ಥೆ ‘ಅನ್‌ಡಾಕ್ಯುಮೆಂಟೆಡ್’ ಅನ್ನೂ ಒಪ್ಪಲಿಲ್ಲ. ಒಬ್ಬನ ಬಳಿ ಹತ್ತು ಕಾಗದ ಇದ್ದು, ಬೇಕಾದ ಒಂದು ಇಲ್ಲದಿರಬಹುದು. ನಮ್ಮಲ್ಲಿ ತೊಡಕು ಇನ್ನೂ ಹೆಚ್ಚು. 182 ದಿನ ವಾಸವಿದ್ದ ವಿದೇಶಿಯೂ ಆಧಾರ್ ಪಡೆಯಬಹುದು, ಅದು ಪೌರತ್ವದ ಪುರಾವೆಯಲ್ಲ. ಇತ್ತ, ಇಲ್ಲೇ ಹುಟ್ಟಿದ ಅಲೆಮಾರಿಯ ಬಳಿ ರೇಷನ್ ಕಾರ್ಡೂ ಇರದಿರಬಹುದು. ‘ದಾಖಲೆರಹಿತ ವಲಸಿಗ’ ಎಂದರೆ ಬೆಂಗಳೂರಿನಲ್ಲಿ ಇವರಿಬ್ಬರಲ್ಲಿ ಯಾರು? ‘ಅನಿಯಮಿತ ವಲಸೆ’ಯನ್ನಂತೂ ಮುಟ್ಟಬೇಡಿ. ಮೊಬೈಲ್ ಕಂಪನಿಗಳ ಜಾಹೀರಾತಿನಿಂದಾಗಿ ‘ಅನಿಯಮಿತ ಕರೆ’ ಎಂದರೆ ಲೆಕ್ಕವಿಲ್ಲದಷ್ಟು ಕರೆ, ಓದುಗ ಗಾಬರಿಯಾದಾನು.

ನಿಜವಾದ ತೊಂದರೆ ‘ವಲಸಿಗ’ದಲ್ಲೇ ಇದೆ. ದೇಶದೊಳಗೆ ಊರು ಬಿಟ್ಟವನಿಗೂ ದೇಶ ಬಿಟ್ಟವನಿಗೂ ಕನ್ನಡದಲ್ಲಿ ಒಂದೇ ಪದ. ರಾಯಚೂರು, ಕಲಬುರಗಿ ಕಡೆಯವರಿಗೆ ‘ಗುಳೆ’ (ದುಡಿಮೆಗಾಗಿ ಊರು ಬಿಟ್ಟು ಹೋಗುವುದು) ಎಂಬ ಖಚಿತ ಮಾತಿದ್ದರೂ ಕಚೇರಿಯ ಕಾಗದದಲ್ಲಿ ಅವರೂ ‘ವಲಸೆ ಕಾರ್ಮಿಕರು’. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಶೆಡ್ಡುಗಳನ್ನು ‘ಅಕ್ರಮ ಬಾಂಗ್ಲಾ ವಲಸಿಗರು’ ಎಂಬ ಶಂಕೆಯಲ್ಲಿ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಆ ತೆರವನ್ನು ಒಪ್ಪಲಿಲ್ಲ.

ಆದ್ದರಿಂದ ನಾಮಪದ ಹುಡುಕುವುದನ್ನು ಬಿಟ್ಟು ಕ್ರಿಯೆಯಿಂದ ಬರೆಯಿರಿ: ‘ವೀಸಾ ಅವಧಿ ಮೀರಿ ಉಳಿದ ವಿದೇಶಿಯರು’, ‘ಪ್ರಯಾಣಪತ್ರವಿಲ್ಲದೆ ದೇಶದೊಳಗೆ ಬಂದವರು’. ಎರಡನ್ನೂ ಒಟ್ಟಿಗೆ ಹೇಳಬೇಕಾದಲ್ಲಿ ‘ಅನುಮತಿಯಿಲ್ಲದೆ ನೆಲೆಸಿರುವ ವಿದೇಶಿಯರು’. ತೀರ್ಮಾನವಾಗದ ಪ್ರಕರಣವಾದರೆ ‘ಎಂದು ಶಂಕಿಸಲಾದ’ ಸೇರಿಸಲೇಬೇಕು. ಪದ ನಾಲ್ಕಾದರೂ ಕೈಪಿಡಿಗೆ ಪತ್ರಿಕೆಯ ತಲೆಬರಹದಂತೆ ಜಾಗದ ಬರವಿಲ್ಲ.

ಉತ್ತರ 2:
ಮೇಲಿನವರ ಮಾತು ಬಹುಪಾಲು ಒಪ್ಪಿಗೆ, ಒಂದು ತಕರಾರಿದೆ ಸರ್. ‘ಸಣ್ಣಕತೆಗಾರ’ ಎಂದರೆ ಸಣ್ಣ ಆಳಲ್ಲ, ಸಣ್ಣಕತೆ ಬರೆಯುವವ. ಹಾಗೆಯೇ ‘ಅಕ್ರಮ ವಲಸಿಗ’ವನ್ನೂ ‘ಅಕ್ರಮ ವಲಸೆ’ಗೆ ‘ಇಗ’ ಸೇರಿದ್ದೆಂದು ಬಿಡಿಸಬಹುದು. ವ್ಯಾಕರಣಕ್ಕೆ ಅದರಲ್ಲಿ ದೋಷವಿಲ್ಲ. ಕೇಳಿದವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಬೇರೆ ಮಾತು.

ಇನ್ನೆರಡು ಎಚ್ಚರಿಕೆ. ‘ಏಲಿಯನ್’ಗೆ (ಕಾನೂನಿನ ಇಂಗ್ಲಿಷಿನಲ್ಲಿ ವಿದೇಶಿ) ‘ಪರದೇಶಿ’ ಹಾಕಬೇಡಿ, ನಮ್ಮಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು. ‘ರೆಫ್ಯೂಜಿ’ಗೆ ‘ನಿರಾಶ್ರಿತ’ ರೂಢಿಯಾಗಿದೆ, ಆದರೆ ಮಾಗಡಿ ರಸ್ತೆಯ ‘ನಿರಾಶ್ರಿತರ ಪರಿಹಾರ ಕೇಂದ್ರ’ ಭಿಕ್ಷುಕರಿಗಾಗಿ ಇರುವುದು. ಮೊದಲ ಸಲ ‘ಬೇರೆ ದೇಶದಿಂದ ಬಂದ ನಿರಾಶ್ರಿತರು’ ಎಂದು ಬಿಡಿಸಿ ಬರೆಯಿರಿ.

ಪೌರತ್ವ ಕಾಯ್ದೆಯ ಕಲಮನ್ನು ವಿವರಿಸುವ ಕಡೆ ಮಾತ್ರ ‘ಅಕ್ರಮ ವಲಸಿಗ’ವನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಳ್ಳಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಇಲ್ಲಿ ಹುಟ್ಟಿದ ಮಗುವಿನ ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ‘ಅಕ್ರಮ ವಲಸಿಗ’ರಾದರೆ ಮಗುವಿಗೆ ಹುಟ್ಟಿನಿಂದ ಪೌರತ್ವವಿಲ್ಲ. ಆದರೆ 2019ರ ತಿದ್ದುಪಡಿ, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರನ್ನು ಷರತ್ತಿನ ಮೇಲೆ ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕಾಗದವಿಲ್ಲದೆ ಬಂದಿದ್ದರೂ ಅವರು ಕಾನೂನಿನ ‘ಅಕ್ರಮ ವಲಸಿಗ’ರಲ್ಲ. ಅಲ್ಲಿ ‘ಪ್ರಯಾಣಪತ್ರವಿಲ್ಲದೆ ಬಂದವರು’ ಎಂದು ಬಿಡಿಸಿ ಬರೆದರೆ ಕಲಮಿನ ಅರ್ಥವೇ ತಪ್ಪಾಗುತ್ತದೆ.