ಶುಗರ್ ಮಾತ್ರೆ ತಗೊಂಡು ಉಪವಾಸ ಮಾಡಿದವರು ಇದ್ದೀರಾ? ಅಮ್ಮನ ವಿಷಯದಲ್ಲಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ, ಶುಗರ್ ಇದೆ, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಎರಡು ತಿಂಗಳಿಂದ ದಿನಕ್ಕೆ 16 ಗಂಟೆ ಉಪವಾಸ. ರಾತ್ರಿ ಏಳಕ್ಕೆ ಊಟ ಮುಗಿಸಿದರೆ ಮಾರನೇ ದಿನ 11ಕ್ಕೇ ತಿಂಡಿ. 5 ಕೆಜಿ ಇಳಿದಿದೆ, ಮಂಡಿನೋವು ಕಡಿಮೆಯಾಗಿದೆ, ಹಳೇ ರವಿಕೆ ಮತ್ತೆ ಹಿಡಿಸುತ್ತಿದೆ ಅಂತ ಅವರಿಗೆ ಎಷ್ಟು ಖುಷಿ ಅಂದರೆ, ಬೇಡ ಅನ್ನಲು ನನಗೇ ಮನಸ್ಸು ಬರುತ್ತಿರಲಿಲ್ಲ. ಏಕಾದಶಿ ಮಾಡಿ ರೂಢಿ ಇದೆ, ಹಸಿವು ಅವರಿಗೆ ದೊಡ್ಡ ವಿಷಯವೇ ಅಲ್ಲ.

ಮೊನ್ನೆ ಗುರುವಾರ ಬೆಳಗ್ಗೆ ಹೂ ಕಟ್ಟುತ್ತಾ ಕೂತಿದ್ದರು. ಕೈ ನಡುಗಲು ಶುರುವಾಯಿತು, ಹಣೆ ತುಂಬಾ ಬೆವರು, ದಾರಕ್ಕೆ ಗಂಟು ಹಾಕಲೂ ಆಗಲಿಲ್ಲ. ಚೆಕ್ ಮಾಡಿದರೆ ಶುಗರ್ 54! 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಅಂತ ಲೆಕ್ಕ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ, ಕಾಲು ಗಂಟೆ ಬಿಟ್ಟು ನೋಡಿದಾಗ 88. ಗ್ಲಿಮೆಪಿರೈಡ್ ಹೊಟ್ಟೆ ಖಾಲಿ ಇದ್ದರೂ ದೇಹದಲ್ಲಿ ಇನ್ಸುಲಿನ್ ಬಿಡುಗಡೆ ಮಾಡಿಸಿ ಶುಗರ್ ಇಳಿಸುತ್ತದೆ, ಅಮ್ಮ ಅದನ್ನು ಬೆಳಗ್ಗೆ ಏಳಕ್ಕೇ ನುಂಗಿ ಸುಮ್ನೆ ಇರುತ್ತಿದ್ದರು. ಡಾಕ್ಟರಿಗೆ ಉಪವಾಸದ ಸುದ್ದಿ ಹೇಳಿಯೇ ಇರಲಿಲ್ಲ.

ಸದ್ಯ ಉಪವಾಸ ನಿಲ್ಲಿಸಿದ್ದೇನೆ, ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದ್ದೇನೆ, ಸೋಮವಾರ ಹೋಗುತ್ತೇವೆ. ಅಮ್ಮ ಮುನಿಸಿಕೊಂಡಿದ್ದಾರೆ, ತೂಕ ಮತ್ತೆ ಏರುತ್ತೆ ಅನ್ನೋ ಭಯ ಅವರಿಗೆ.

ಇದೇ ಮಾತ್ರೆ ತೆಗೆದುಕೊಳ್ಳುವವರು, ಡಾಕ್ಟರ್ ಡೋಸ್ ಬದಲಿಸಿಕೊಟ್ಟ ಮೇಲೆ ಉಪವಾಸ ಮುಂದುವರಿಸಿದ್ದೀರಾ? 12 ಗಂಟೆ ಮಾಡಿದರೂ ತೂಕ ಇಳಿಯಿತಾ? ಮೈಸೂರಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಸಮಾಧಾನವಾಗಿ ಮಾತಾಡುವ ಡಯಟೀಷಿಯನ್ ಗೊತ್ತಿದ್ದರೆ ತಿಳಿಸಿ. ಮಾತ್ರೆ ಬಿಟ್ಟುಬಿಡಿ ಅಂತ ಮಾತ್ರ ಯಾರೂ ಹೇಳಬೇಡಿ, ದಯವಿಟ್ಟು.