ಒಂದು ಕಿಡ್ನಿ ಕೊಟ್ಟ ಮೇಲೆ ಇನ್ನೊಂದು ಯಾಕೆ ದಪ್ಪ ಆಗುತ್ತದೆ?

ಮಂಡ್ಯದ ಹುಡುಗಿ:
ಚಿಕ್ಕಪ್ಪ ತಮ್ಮ ಮಗನಿಗೆ ಕಿಡ್ನಿ ಕೊಟ್ಟರು. ಸ್ಕ್ಯಾನ್ ಮಾಡಿಸಿದರೆ ಉಳಿದ ಕಿಡ್ನಿ ಮೊದಲಿಗಿಂತ ದೊಡ್ಡದಾಗಿದೆಯಂತೆ. ನಾನು ಮೈಸೂರಲ್ಲಿ ಎಂಎಸ್ಸಿ ಓದುತ್ತಿದ್ದೇನೆ ಅಂತ ಮನೆಯವರೆಲ್ಲ ನನ್ನನ್ನೇ ಕೇಳುತ್ತಾರೆ. ಕೋಶಗಳು ಜಾಸ್ತಿ ಆಗುತ್ತವಾ, ಇಲ್ಲ ಇದ್ದವೇ ದಪ್ಪ ಆಗುತ್ತವಾ?

ಲ್ಯಾಬ್ ಮೇಷ್ಟ್ರು:
ದೊಡ್ಡವರಲ್ಲಿ ಹೆಚ್ಚಾಗಿ ಇದ್ದ ಕೋಶಗಳೇ ದಪ್ಪ ಆಗುತ್ತವೆ ಕಣಮ್ಮ. ಹೊಸ ನೆಫ್ರಾನ್ (ಕಿಡ್ನಿಯಲ್ಲಿ ರಕ್ತ ಸೋಸುವ ಪುಟ್ಟ ಘಟಕ) ಹುಟ್ಟುವುದಿಲ್ಲ, ಆ ಕೆಲಸ ತಾಯಿಯ ಹೊಟ್ಟೆಯಲ್ಲೇ ಮುಗಿದಿರುತ್ತದೆ. ಉಳಿದ ಕಿಡ್ನಿಗೆ ರಕ್ತದ ಹರಿವು ಏರುತ್ತದೆ, ಎಂಟಾರ್ ಅನ್ನುವ ಕೈನೇಸ್ (ಬೇರೆ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಚುರುಕಾಗಿ ಎಸ್6 ಕೈನೇಸ್ ಅನ್ನುವ ಇನ್ನೊಂದು ಕಿಣ್ವಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನು ಎಬ್ಬಿಸುತ್ತದೆ, ಆಮೇಲೆ ರೈಬೋಸೋಮ್‌ಗಳು ಕಬ್ಬಿನ ಸೀಸನ್ನಿನ ಆಲೆಮನೆ ಥರ ಬಿಡುವಿಲ್ಲದೆ ಪ್ರೋಟೀನ್ ತಯಾರಿಸುತ್ತವೆ. ಇಲಿಗಳಿಗೆ ಎಂಟಾರನ್ನು ತಡೆಯುವ ರಾಪಾಮೈಸಿನ್ ಔಷಧ ಕೊಟ್ಟರೆ ಈ ಬೆಳವಣಿಗೆ ತಗ್ಗುತ್ತದೆ.

ಪಾಂಡವಪುರದವನು:
ಕಸಿ ಆದವರಿಗೆ ಕೊಡುವ ಸಿರೋಲಿಮಸ್ ಅದೇ ಅಲ್ವಾ? ಹಾಗಾದರೆ ಜೀನ್‌ಗಳಿಗೆ ಇದರಲ್ಲಿ ಕೆಲಸವೇ ಇಲ್ವಾ?

ಲ್ಯಾಬ್ ಮೇಷ್ಟ್ರು:
ಹೌದು, ಅದೇ. ಜೀನ್‌ಗಳಿಗೂ ಕೆಲಸ ಇದೆ, ಆದರೆ ದಾರಿ ಬೇರೆ: ಇಜಿಎಫ್ ಅನ್ನುವ, ಬೆಳೆಯಲು ಹೇಳುವ ಪ್ರೋಟೀನ್ ಬಂದು ಕೋಶದ ಮೇಲಿನ ರಿಸೆಪ್ಟರ್‌ಗೆ (ಸಂಕೇತ ಹಿಡಿಯುವ ಪ್ರೋಟೀನ್) ಕೂತರೆ ರಾಸ್, ರಾಫ್, ಮೆಕ್, ಇಆರ್‌ಕೆ ಅನ್ನುವ ಪ್ರೋಟೀನ್‌ಗಳ ಮೂಲಕ ಸುದ್ದಿ ಕೈಯಿಂದ ಕೈಗೆ ದಾಟಿ ನ್ಯೂಕ್ಲಿಯಸ್ ಸೇರುತ್ತದೆ, ಸಿ-ಫಾಸ್‌ನಂಥ ಜೀನ್ ನಿಮಿಷಗಳಲ್ಲೇ ಆನ್ ಆಗುತ್ತದೆ.

ಮಂಡ್ಯದ ಹುಡುಗಿ:
ಥ್ಯಾಂಕ್ಸ್ ಸರ್. ಚಿಕ್ಕಪ್ಪನಿಗೆ ಆಲೆಮನೆ ಕಥೆಯನ್ನಷ್ಟೇ ಹೇಳುತ್ತೇನೆ.